ನಾಲ್ಕು ಕತ್ತರಿ, ಒಂದೂ ಸೂಜಿ ಇಲ್ಲ

ಪುಸ್ತಕ ವಿಮರ್ಶೆ ಬರೆಯುವವರಿದ್ದಾರೆ. ಸಿನಿಮಾ ವಿಮರ್ಶೆ ಬರೆಯುವವರಂತೂ ಓಣಿಗೊಬ್ಬರು ಸಿಗುತ್ತಾರೆ. ಹೋಟೆಲಿನ ಸಾಂಬಾರಿಗೂ ನಕ್ಷತ್ರ ಕೊಟ್ಟು ವಿಮರ್ಶೆ ಮಾಡುವ ಕಾಲ ಇದು. ಹಾಗಿದ್ದ ಮೇಲೆ ಒಂದು ಫಾಂಟನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಬರೆದರೆ ತಪ್ಪೇನು? ‘ಫಾಂಟಿನಲ್ಲಿ ಓದುವುದಕ್ಕೇನಿರುತ್ತದೆ, ಫಾಂಟಿನಿಂದ ಓದುವುದಲ್ಲವೇ’ ಎಂದು ನಮ್ಮ ಮನೆಯಲ್ಲಿ ನಗೆಯಾಡಿದರು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾನು ಹೇಳಹೊರಟಿರುವ ಫಾಂಟುಗಳನ್ನು ನೀವೂ ದಿನಕ್ಕೆ ಹತ್ತು ಸಲ ನೋಡುತ್ತೀರಿ. ಮದುವೆಯ ಕರೆಯೋಲೆಯ ಕೆಳಗೆ ಮೊಬೈಲ್ ನಂಬರಿನ ಪಕ್ಕ ಒಂದು ಪುಟ್ಟ ದೂರವಾಣಿ ಕುಳಿತಿರುತ್ತದಲ್ಲ? ರಸೀದಿ ಪುಸ್ತಕದ ಚುಕ್ಕೆಗೆರೆಯ ತುದಿಯಲ್ಲಿ ಬಾಯಿ ತೆರೆದ ಕತ್ತರಿ? ಟ್ಯೂಷನ್ ಕ್ಲಾಸಿನ ಕರಪತ್ರದಲ್ಲಿ ಪ್ರತಿ ಸಾಲಿಗೂ ಮುಂದಾಳುವಿನಂತೆ ನಿಂತ ಬೆರಳು ತೋರಿಸುವ ಕೈ? ಇವನ್ನು ಯಾರೋ ಕುಳಿತು ಬಿಡಿಸಿ ಅಂಟಿಸಿದರು ಎಂದು ನೀವು ಅಂದುಕೊಂಡಿದ್ದರೆ ಅದು ಹಾಗಲ್ಲ. ಅವು ಅಕ್ಷರಗಳು. ಅಂದರೆ, ಅಕ್ಷರದ ಹುದ್ದೆಯಲ್ಲಿ ಕುಳಿತ ಚಿತ್ರಗಳು.

ನಮ್ಮ ಮಹಿಳಾ ಮಂಡಳದ ತ್ರೈಮಾಸಿಕಕ್ಕೆ ಪುಟ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಪೇಜ್‌ಮೇಕರಿನಲ್ಲಿ ಕಲಿತೆ, ಕೋರೆಲ್‌ಡ್ರಾದಲ್ಲಿ ಕೈ ಪಳಗಿತು, ಈಗ ಇನ್‌ಡಿಸೈನ್. ಈ ಚಿತ್ರದ ಫಾಂಟುಗಳ ಉಪಕಾರ ನನಗೆ ಚೆನ್ನಾಗಿ ಗೊತ್ತು. ಒಂದು ಹೂವಿನ ಚಿತ್ರವನ್ನು ಚಿತ್ರವಾಗಿಯೇ ತಂದು ಲೇಖನದ ನಡುವೆ ಇಟ್ಟಿರೆನ್ನಿ, ಮೇಲೆ ಎರಡು ಸಾಲು ಸೇರಿಸಿದ ಕೂಡಲೇ ಮಾತು ಕೆಳಗೆ ಸರಿಯುತ್ತದೆ, ಹೂವು ಮಾತ್ರ ಮುನಿಸಿಕೊಂಡವರಂತೆ ಇದ್ದಲ್ಲೇ ನಿಲ್ಲುತ್ತದೆ. ದೊಡ್ಡದು ಮಾಡಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಅದೇ ಹೂವು ಫಾಂಟಿನಲ್ಲಿದ್ದರೆ ಒಂದು ಕೀಲಿ ಒತ್ತಿದರೆ ಸಾಕು, ಸಾಲಿನಲ್ಲಿ ಮಿಕ್ಕ ಅಕ್ಷರಗಳ ಜೊತೆ ಕೈ ಹಿಡಿದು ನಿಲ್ಲುತ್ತದೆ. ಮಾತು ಸರಿದರೆ ತಾನೂ ಸರಿಯುತ್ತದೆ. ಅಕ್ಷರಕ್ಕೆ ಬಣ್ಣ ಕೊಟ್ಟಂತೆ ಬಣ್ಣ ಕೊಡಬಹುದು, ಗೋಡೆಯಷ್ಟು ಹಿಗ್ಗಿಸಿದರೂ ಅಂಚು ಕೆಡದು. ಇಷ್ಟು ಸುಖ ಕೊಡುವ ವಸ್ತುವಿನ ಮೇಲೆ ನನಗೇಕೆ ತಕರಾರು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹೊಸ ಪುಸ್ತಕ ಬಂದರೆ ಮೊದಲು ಪರಿವಿಡಿ ನೋಡುವಂತೆ, ಹೊಸ ಫಾಂಟು ಬಂದರೆ ನಾನು ಅದರ ಪಟ್ಟಿಯನ್ನು ಬಿಚ್ಚುತ್ತೇನೆ. ಎಲ್ಲ ಚಿತ್ರಗಳೂ ಚೌಕದ ಮನೆಗಳಲ್ಲಿ ಸಾಲಾಗಿ ಕುಳಿತಿರುವ ಪಟ್ಟಿ ಅದು. ಒಂದು ಫಾಂಟನ್ನು ಬಿಡಿಸಿದವರು ಜಗತ್ತಿನಲ್ಲಿ ಯಾವುದನ್ನು ಮುಖ್ಯವೆಂದು ಕಂಡರು, ಯಾವುದು ಅವರ ಕಣ್ಣಿಗೇ ಬೀಳಲಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಈ ವಂಶದ ಹಿರಿಯಜ್ಜ ಜ಼ಾಪ್ಫ್ ಡಿಂಗ್‌ಬ್ಯಾಟ್ಸ್. ಜರ್ಮನಿಯ ಹರ್ಮನ್ ಜ಼ಾಪ್ಫ್ ಎಂಬ ಪ್ರಸಿದ್ಧ ಅಕ್ಷರ ವಿನ್ಯಾಸಕಾರ ಸಾವಿರಕ್ಕೂ ಹೆಚ್ಚು ಗುರುತುಗಳನ್ನು ಬಿಡಿಸಿದ್ದರಂತೆ. ಅದರಲ್ಲಿ ಆರಿಸಿ 1978ರಲ್ಲಿ ಫಾಂಟಾಗಿ ಹೊರತಂದರು. 1986ರಲ್ಲಿ ಆ್ಯಪಲ್ ಕಂಪನಿಯ ಲೇಸರ್ ಪ್ರಿಂಟರಿನ ಹೊಟ್ಟೆಯೊಳಗೇ ಅದು ಸೇರಿಕೊಂಡ ಮೇಲೆ ಜಗತ್ತಿನ ಡಿಟಿಪಿ ಅಂಗಡಿಗಳಿಗೆಲ್ಲ ಹಬ್ಬಿತು. ಅದಕ್ಕೂ ಮೊದಲು ಅಚ್ಚುಮೊಳೆಯ ಕಾಲದಲ್ಲಿ ಮುದ್ರಣಾಲಯಗಳಲ್ಲಿ ಸೀಸದ ಹೂ, ಬಳ್ಳಿ, ಬಾರ್ಡರಿನ ತುಂಡುಗಳಿರುತ್ತಿದ್ದವು. ಗಣಪತಿ ಬೇಕೆಂದರೆ ಅದಕ್ಕೊಂದು ಬ್ಲಾಕು. ಜ಼ಾಪ್ಫರ ಫಾಂಟು ಆ ಮರದ ಗೂಡುಗಳ ನೇರ ವಾರಸುದಾರ. ನಕ್ಷತ್ರಗಳಲ್ಲಿ ಎಷ್ಟು ಬಗೆ, ಹೂಗಳಲ್ಲಿ ಎಷ್ಟು ಬಗೆ! ಒಂದೊಂದು ಗೆರೆಯೂ ಲೇಖನಿ ಹಿಡಿದು ಪಳಗಿದ ಕೈಯದು. ನನ್ನ ಮಟ್ಟಿಗೆ ಅಂದದಲ್ಲಿ ಇದನ್ನು ಮೀರಿಸುವ ಚಿತ್ರಫಾಂಟು ಇನ್ನೂ ಬಂದಿಲ್ಲ. ಆದರೆ ಅದರ ಪಟ್ಟಿಯಲ್ಲಿ ಕತ್ತರಿಗಳೇ ನಾಲ್ಕಿವೆ. ಪೆನ್ಸಿಲು ಮೂರು, ನಿಬ್ಬು ಎರಡು. ಸೂಜಿ ಒಂದೂ ಇಲ್ಲ. ಕತ್ತರಿಸುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಪುಣ್ಯಾತ್ಮರು ಹೊಲಿಯುವವರನ್ನು ನೆನೆಯಲಿಲ್ಲ. ಪತ್ರಿಕಾ ಕಚೇರಿಯ ಮೇಜಿನ ಮೇಲೆ ಏನೇನಿತ್ತೋ ಅದು ಫಾಂಟಿಗೆ ಬಂತು, ಅಷ್ಟೆ.

ಹೊಲಿಗೆಯ ಮಾತು ಬಂದದ್ದರಿಂದ ಇನ್ನೊಬ್ಬರ ಹೆಸರು ಹೇಳಬೇಕು. 1984ರಲ್ಲಿ ಮೆಕಿಂತೋಷ್ ಗಣಕ ಬಂದಾಗ ಅದರೊಂದಿಗೆ ‘ಕೈರೋ’ ಎಂಬ ಚಿತ್ರದ ಫಾಂಟು ಬಂತು. ಅದನ್ನು ಬಿಡಿಸಿದವರು ಸೂಸನ್ ಕೇರ್ ಎಂಬ ಮಹಿಳೆ. ಗಣಕದ ಪರದೆ ಆಗ ಎಣಿಸಬಹುದಾದಷ್ಟು ಚುಕ್ಕೆಗಳದು. ಅವರು ಗ್ರಾಫ್ ಕಾಗದದಲ್ಲಿ ಚೌಕ ತುಂಬಿ ತುಂಬಿ ಚಿತ್ರ ಕಟ್ಟಿದರು. ಧಾರವಾಡದ ನನಗೆ ಇದನ್ನು ಓದಿದಾಗ ಕಸೂತಿಯಲ್ಲದೆ ಬೇರೇನೂ ನೆನಪಾಗಲಿಲ್ಲ. ನಮ್ಮವ್ವ ಇಲಕಲ್ ಸೀರೆಯ ಸೆರಗಿಗೆ ಆನೆ, ಗೋಪುರ, ತುಳಸಿಕಟ್ಟೆ ಹಾಕುತ್ತಿದ್ದುದೂ ಹೀಗೆಯೇ, ಗೀರು ಹಾಕಿಕೊಳ್ಳದೆ, ಎಳೆ ಎಣಿಸಿ. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಅದರ ಹೆಚ್ಚುಗಾರಿಕೆಯೆಂದರೆ ಬಟ್ಟೆ ತಿರುಗಿಸಿ ನೋಡಿದರೂ ಹಿಂದೆ ಮುಂದೆ ಒಂದೇ. ಗಂಟು ಕಾಣಬಾರದು, ದಾರ ಅಡ್ಡ ಹೋಗಿರಬಾರದು. ಅತ್ತೆಯಂದಿರು ಸೊಸೆಯ ಕಸೂತಿಯನ್ನು ಹಿಂಬದಿ ತಿರುವಿ ನೋಡಿಯೇ ಬೆಲೆ ಕಟ್ಟುತ್ತಿದ್ದರು. ಚಿತ್ರದ ಫಾಂಟುಗಳನ್ನೂ ಹಾಗೆ ಹಿಂಬದಿ ತಿರುವಿ ನೋಡಬೇಕು ಎನ್ನುವುದೇ ನನ್ನ ತಕರಾರಿನ ತಿರುಳು.

ಹಿಂಬದಿಯಲ್ಲಿ ಏನಿದೆ? ನಿಮಗೆ ಪರಿಚಯವಿರುವ ವಿಂಗ್‌ಡಿಂಗ್ಸ್ ಫಾಂಟನ್ನೇ ತೆಗೆದುಕೊಳ್ಳಿ. ಚಾರ್ಲ್ಸ್ ಬಿಗೆಲೋ ಮತ್ತು ಕ್ರಿಸ್ ಹೋಮ್ಸ್ ಎಂಬ ಜೋಡಿ ಬಿಡಿಸಿದ ಮೂರು ಚಿತ್ರಫಾಂಟುಗಳಿಂದ ಆಯ್ದು 1990ರಲ್ಲಿ ಇದನ್ನು ಕಟ್ಟಿದರು (ಕ್ರಿಸ್ ಹೋಮ್ಸ್ ಹೆಣ್ಣುಮಗಳು, ಹೆಸರು ನೋಡಿ ನಾನು ಬಹಳ ದಿನ ಗಂಡಸೆಂದೇ ತಿಳಿದಿದ್ದೆ). 1992ರ ವಿಂಡೋಸಿನೊಂದಿಗೆ ಅದು ಮನೆಮನೆಗೂ ಬಂತು. ಜ಼ಾಪ್ಫರ ಫಾಂಟಿಗಿಂತ ಇದರ ಪ್ರಪಂಚ ದೊಡ್ಡದು. ಹನ್ನೆರಡು ರಾಶಿಗಳ ಚಿಹ್ನೆಗಳಿವೆ, ಯೆಹೂದಿ ನಕ್ಷತ್ರವಿದೆ, ನಮ್ಮ ಓಂಕಾರವಿದೆ, ಧರ್ಮಚಕ್ರವಿದೆ. ದೇವರಿಗೆ ಕೊರತೆ ಮಾಡಿಲ್ಲ. ಫ್ಲಾಪಿ, ಬಾಂಬು, ತಲೆಬುರುಡೆಯೂ ಇವೆ. ಆದರೆ ಈ ಒಂದೊಂದರ ಬೆನ್ನಿಗೂ ಒಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿದೆ. ನಗುಮುಖದ ಬೆನ್ನಿಗೆ ಜೆ. ತಲೆಬುರುಡೆಯ ಬೆನ್ನಿಗೆ ಎನ್. ಸೂರ್ಯನ ಬೆನ್ನಿಗೆ ಆರ್. ಗಣಕಕ್ಕೆ ಸೂರ್ಯ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ‘ಇಲ್ಲೊಂದು ಆರ್ ಇದೆ, ಅದಕ್ಕೆ ವಿಂಗ್‌ಡಿಂಗ್ಸ್ ಎಂಬ ಅಂಗಿ ತೊಡಿಸಬೇಕು’ ಎಂಬುದಷ್ಟೆ. ಅಂಗಿ ಬದಲಾದರೆ ಸೂರ್ಯ ಮುಳುಗಿದ.

ಕೆಲವರ ಈಮೇಲುಗಳಲ್ಲಿ ಸಾಲಿನ ಕೊನೆಗೆ ಕಾರಣವಿಲ್ಲದೆ ಒಂದು ಜೆ ನಿಂತಿರುವುದನ್ನು ನೀವು ಕಂಡಿರಬಹುದು. ಕಳಿಸಿದವರು ನಕ್ಕಿದ್ದರು, ನಿಮ್ಮ ಯಂತ್ರದಲ್ಲಿ ಆ ಅಂಗಿ ಇರಲಿಲ್ಲ, ನಗು ಜೆ ಆಗಿ ಬಂತು. ಇದಕ್ಕಿಂತ ದೊಡ್ಡ ಗುಲ್ಲು 1992ರಲ್ಲೇ ಎದ್ದಿತ್ತು. ನ್ಯೂಯಾರ್ಕ್ ನಗರದ ಹೆಸರಿನ ಮೂರು ಮೊದಲಕ್ಷರ ಒತ್ತಿದರೆ ತಲೆಬುರುಡೆ, ಯೆಹೂದಿ ನಕ್ಷತ್ರ, ಭೇಷ್ ಎನ್ನುವ ಹೆಬ್ಬೆರಳು ಸಾಲಾಗಿ ಬರುತ್ತಿದ್ದವು. ಇದು ಆಕಸ್ಮಿಕ ಎಂದು ಕಂಪನಿ ಸಮಜಾಯಿಷಿ ಕೊಡಬೇಕಾಯಿತು. 1997ರಲ್ಲಿ ವೆಬ್‌ಡಿಂಗ್ಸ್ ಬಂದಾಗ ಅದೇ ಮೂರು ಅಕ್ಷರಗಳಿಗೆ ಬೇಕೆಂದೇ ಕಣ್ಣು, ಹೃದಯ, ಮಹಡಿಗಳ ಸಾಲು ಇಟ್ಟರು.

ನಗೆಯಾಡಿ ಮರೆಯಬಹುದಾದ ಸಂಗತಿಗಳಿವು. ಮರೆಯಲಾಗದ್ದು ಇನ್ನೊಂದಿದೆ.

ಕೆಲವು ವರ್ಷಗಳ ಹಿಂದೆ ನನ್ನ ಗೆಳತಿಯೊಬ್ಬರು ಹಳ್ಳಿಯೊಂದರಲ್ಲಿ ಬಸುರಿಯರಿಗಾಗಿ ಆರೋಗ್ಯ ಶಿಬಿರ ಇಟ್ಟುಕೊಂಡಿದ್ದರು. ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು ಎಂದು ಡಾಕ್ಟರುಗಳು ಹೇಳುವುದುಂಟಲ್ಲ? ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಅದಕ್ಕಾಗಿ ಒಂದು ಪುಟದ ಪತ್ರಕ ಮಾಡಿಸಿದರು. ಓದು ಬಾರದವರಿಗೂ ತಿಳಿಯಲಿ ಎಂದು ಕ್ಯಾಲ್ಸಿಯಂ ಮುಂದೆ ಸೂರ್ಯ, ಕಬ್ಬಿಣದ ಮಾತ್ರೆಯ ಮುಂದೆ ಚಿಕ್ಕೆಯ ಜೊತೆಗಿನ ಅರ್ಧಚಂದ್ರ, ಕೊನೆಗೆ ಒಂದು ನಗುಮುಖ. ಎಲ್ಲವೂ ವಿಂಗ್‌ಡಿಂಗ್ಸಿನವು. ಕನ್ನಡ ನುಡಿ ಫಾಂಟಿನಲ್ಲಿತ್ತು. ಅಚ್ಚಿಗೆ ಹೋಗುವ ಮೊದಲು ‘ಅಕ್ಷರ ಸ್ವಲ್ಪ ದಪ್ಪ ಆಗಲಿ’ ಎಂದು ಯಾರೋ ಹೇಳಿದರು. ಮುದ್ರಣಾಲಯದ ಹುಡುಗ ಪುಟವನ್ನೆಲ್ಲ ಒಟ್ಟಿಗೆ ಆರಿಸಿ ದಪ್ಪನೆಯ ನುಡಿ ಫಾಂಟು ಕೊಟ್ಟ. ಮಾತಿಗೆ ಏನೂ ಆಗಲಿಲ್ಲ. ಚಿತ್ರಗಳು ಸತ್ತವು. ಇಂಗ್ಲಿಷಿನ ಆರ್‌ಗೆ ನುಡಿಯ ಅಂಗಿ ತೊಡಿಸಿದರೆ ‘ಖ’ ಬರುತ್ತದೆ. ಜ಼ೆಡ್‌ಗೆ ತೊಡಿಸಿದರೆ ತಲೆಕಟ್ಟಿಲ್ಲದ ‘ಚ’. ನಗುವಿನ ಜೆ ‘ಎ’ ಆಗಿತ್ತು, ಯಾರನ್ನೋ ಗದರಿಸಿದಂತೆ.

ಸಾವಿರ ಪ್ರತಿ ಅಚ್ಚಾಗಿ ಬಂದ ಮೇಲೆ ನನಗೆ ಕರೆ ಬಂತು. ಹೋಗಿ ನೋಡಿದರೆ ಗೆಳತಿ ಕಟ್ಟು ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಮುದ್ರಣಾಲಯದ ಹುಡುಗ ಫೋನಿನಲ್ಲಿ, ‘ಅಕ್ಕಾರ, ನೀವು ಹೇಳಿದ್ದ ಅಷ್ಟ ಮಾಡೇನ್ರೀ, ದಪ್ಪ ಮಾಡಂದ್ರಿ, ಮಾಡಿದೆ’ ಎನ್ನುತ್ತಿದ್ದ. ಅವನ ಮಾತೂ ಸುಳ್ಳಲ್ಲ. ಪಂಡಿತರೊಬ್ಬರು ಅಲ್ಲಿದ್ದರೆ ‘ಖ ಎಂದರೆ ಸಂಸ್ಕೃತದಲ್ಲಿ ಆಕಾಶ, ಆಕಾಶದಲ್ಲಿ ಸೂರ್ಯನಿದ್ದೇ ಇದ್ದಾನೆ, ಚಂದ್ರನಿಗೆ ಚ ಸರಿಯಾಗಿಯೇ ಇದೆ’ ಎಂದು ಸಮಾಧಾನ ಹೇಳುತ್ತಿದ್ದರೇನೋ. ಆದರೆ ಪಕ್ಕದ ಮನೆಯ ಹೆಣ್ಣುಮಗಳೊಬ್ಬಳಿಗೆ ಪತ್ರಕ ತೋರಿಸಿದಾಗ ಆಕೆ, ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೇಳಿದ್ದಳಂತೆ: ‘ಇಲ್ಲೆ ಖ ಅಂತ ಐತಲ್ರೀ ಅಕ್ಕಾರ, ಈ ಗುಳಿಗಿ ತಗೊಂಡಾಗ ಖಾರ ತಿನಬಾರದನು?’

ಅವಳು ಎಷ್ಟು ಸರಿಯಾಗಿ ಓದಿದಳು ನೋಡಿ! ಇದ್ದದ್ದನ್ನು ಇದ್ದಂತೆ ಓದಿ, ಅದಕ್ಕೊಂದು ಅರ್ಥವನ್ನೂ ಹುಡುಕಿದಳು. ಅಕ್ಷರ ಬಲ್ಲ ನಾವು ತಪ್ಪೆಂದು ಬದಿಗೆ ಸರಿಸಿ, ಮಿಕ್ಕ ಸಾಲಿನಿಂದ ಅರ್ಥ ಹಿಡಿದುಕೊಳ್ಳುತ್ತೇವೆ. ಆಕೆಗೆ ಆ ದಾರಿಯಿಲ್ಲ. ಯಾರಿಗೆ ಅಕ್ಷರ ಕಷ್ಟವೋ ಅವರಿಗಾಗಿ ಚಿತ್ರ ಹಾಕಿದ್ದು. ಚಿತ್ರ ಕೈಕೊಟ್ಟಾಗ ನಷ್ಟವಾಗುವುದೂ ಅವರಿಗೇ. ಕರೆಯೋಲೆಯ ದೂರವಾಣಿ ಹೋಗಿ ಬೇರೆ ಅಕ್ಷರ ಬಂದರೆ ಯಾರ ಮದುವೆಯೂ ನಿಲ್ಲುವುದಿಲ್ಲ. ಮಾತ್ರೆಯ ಸೂರ್ಯಚಂದ್ರರ ಮಾತು ಹಾಗಲ್ಲ.

ಮತ್ತೆ ಅಚ್ಚು ಹಾಕಿಸಲು ಹಣವಿರಲಿಲ್ಲ. ಆರು ಜನ ಹೆಂಗಸರು ಪಡಸಾಲೆಯಲ್ಲಿ ಕುಳಿತು ಖ ಮೇಲೆ ಕೆಂಪು ಪೆನ್ನಿನಿಂದ ಸೂರ್ಯನನ್ನೂ ಚ ಮೇಲೆ ನೀಲಿ ಪೆನ್ನಿನಿಂದ ಚಂದ್ರನನ್ನೂ ಬಿಡಿಸಿದೆವು. ಸಾವಿರ ಸೂರ್ಯ, ಸಾವಿರ ಚಂದ್ರ. ಕೈ ಬಿದ್ದುಹೋಯಿತು. ‘ಎ’ಯನ್ನು ಹಾಗೆಯೇ ಬಿಟ್ಟೆವು.

ಹುಡುಗನನ್ನು ಬೈದು ಪ್ರಯೋಜನವಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು, ಏಕೆಂದರೆ ಆ ಪುಟದಲ್ಲಿ ಅಂಗಿಯ ಮೇಲೆ ನಿಂತದ್ದು ಚಿತ್ರಗಳಷ್ಟೇ ಅಲ್ಲ, ಇಡೀ ಕನ್ನಡವೂ ಹಾಗೆಯೇ ನಿಂತಿತ್ತು. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳೆಲ್ಲ ನಡೆಸಿದ್ದು ಇದೇ ಉಪಾಯವನ್ನು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯಲ್ಲಿ ‘ಕನ್ನಡ’ ಎಂದು ಬರೆದು ಅಂಗಿ ಕಳಚಿ ನೋಡಿ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀರಿನ ಎ, ಜರ್ಮನರ ಜೋಡಿ ಎಸ್, ಕ್ಯೂ, ಮತ್ತೊಂದು ಗೀರಿನ ಎ. ‘ಕನ್ನಡ’ ಎಂಬ ಪದದ ಹೊಟ್ಟೆಯಲ್ಲಿ ಪೌಂಡು! ಗಣಕದ ದೃಷ್ಟಿಯಲ್ಲಿ ನಾವು ಬರೆದದ್ದು ಕನ್ನಡವೇ ಅಲ್ಲ, ಕನ್ನಡದ ಚಿತ್ರ. ಆಗ ಬೇರೆ ದಾರಿ ಇರಲಿಲ್ಲ, ಆ ಫಾಂಟುಗಳು ಇಲ್ಲದಿದ್ದರೆ ನಮ್ಮ ಪತ್ರಿಕೆಗಳೇ ಹೊರಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಕಾಲದ ಫೈಲುಗಳನ್ನು ಇಂದು ತೆರೆದವರಿಗೆ ಗೊತ್ತು ಅದರ ಗೋಳು. ನಮ್ಮ ಮಂಡಳದ ಹಳೆಯ ಸಂಚಿಕೆಗಳಲ್ಲಿ ‘ಮುಖ್ಯ’ ಎಂದು ಹುಡುಕಿದರೆ ಗಣಕ ‘ಇಲ್ಲ’ ಎನ್ನುತ್ತದೆ. ಕಣ್ಣೆದುರೇ ಇದೆ, ಆದರೂ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಲೋಕದ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಒಂದು ನಂಬರು. 1991ರ ಮೊದಲ ಪಟ್ಟಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು, ನಮ್ಮ ಡಿಟಿಪಿ ಅಂಗಡಿಗಳಿಗೆ ಅದು ತಲುಪಲು ದಶಕಗಳೇ ಬೇಕಾದವು. ನಂಬರು ಸಿಕ್ಕ ಮೇಲೆ ಅಂಗಿ ಬದಲಾದರೂ ಒಳಗಿನ ವ್ಯಕ್ತಿ ಬದಲಾಗುವುದಿಲ್ಲ. ಕ ಎಂಬುದು ಯಾವ ಫಾಂಟಿನಲ್ಲೂ ಕ. ಅದೇ 1991ರ ಪಟ್ಟಿಯಲ್ಲಿ ಜ಼ಾಪ್ಫರ ಕತ್ತರಿಗಳಿಗೂ ನಂಬರು ಸಿಕ್ಕಿತು, ನಾಲ್ಕಕ್ಕೂ ನಾಲ್ಕು ಬೇರೆ ಬೇರೆ. ವಿಂಗ್‌ಡಿಂಗ್ಸ್ ಮತ್ತು ವೆಬ್‌ಡಿಂಗ್ಸಿನ ಉಳಿದ ಚಿತ್ರಗಳಿಗೆ 2014ರಲ್ಲಿ. ವೆಬ್‌ಡಿಂಗ್ಸಿನಲ್ಲಿ ಕೋಟು ತೊಟ್ಟ ಗಂಡಸೊಬ್ಬ ನೆಲ ಬಿಟ್ಟು ಗಾಳಿಯಲ್ಲಿ ತೇಲುತ್ತಾನೆ, ಯಾಕೆ ಎಂದು ಕೇಳಬೇಡಿ. ಅವನಿಗೂ 2014ರಲ್ಲಿ ನಂಬರಾಯಿತು. ಸೀರೆಗೆ ನಂಬರು ಬಂದದ್ದು 2019ರಲ್ಲಿ, ಹಣತೆಗೂ ಆಟೋರಿಕ್ಷಾಗೂ ಅದೇ ವರ್ಷ. ದಾರದ ಉಂಡೆಗೆ 2018. ಸೂಜಿಗೆ 2020. ಕತ್ತರಿ ಬಂದು ಇಪ್ಪತ್ತೊಂಬತ್ತು ವರ್ಷಕ್ಕೆ ಸೂಜಿ ಬಂತು. ತೇಲುವ ಗಂಡಸಿನ ಮೇಲೆ ನನಗೆ ದ್ವೇಷವಿಲ್ಲ, ಲೆಕ್ಕ ಮಾತ್ರ ಹೇಳುತ್ತಿದ್ದೇನೆ.

ಈಗಿನ ತಲೆಮಾರಿನ ಹುಡುಗ ಹುಡುಗಿಯರು ಬಳಸುವ ಐಕಾನ್ ಫಾಂಟುಗಳು ಬೇರೆ. 2012ರಲ್ಲಿ ಬಂದ ಫಾಂಟ್ ಆಸಮ್ ಎಂಬುದು ಬಹಳ ಜನಪ್ರಿಯ. ವೆಬ್‌ಸೈಟುಗಳಿಗೆಂದು ಹುಟ್ಟಿದರೂ ಅದನ್ನು ಗಣಕಕ್ಕೆ ಇಳಿಸಿಕೊಂಡು ಇಲ್ಲಸ್ಟ್ರೇಟರ್, ಇನ್‌ಡಿಸೈನುಗಳಲ್ಲೂ ಬಳಸುತ್ತಾರೆ. ಒಂದು ಕೀಲಿ ಒತ್ತಿದರೆ ಅದರ ಬಹಳಷ್ಟು ಚಿತ್ರಗಳು ಬರುವುದಿಲ್ಲ, ಗ್ಲಿಫ್ ಪಟ್ಟಿ ತೆರೆದು ಆರಿಸಬಹುದು. ಗೆರೆ ಸ್ವಚ್ಛ, ಎಲ್ಲ ಚಿತ್ರಗಳೂ ಒಂದೇ ತೂಕದವು, ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ. ಈ ಶಿಸ್ತು ವಿಂಗ್‌ಡಿಂಗ್ಸಿನಲ್ಲಿ ಇರಲಿಲ್ಲ. ಹಿಂಬದಿ ತಿರುವಿದರೆ ಮಾತ್ರ ಹಳೆಯ ಕಥೆಯ ಹೊಸ ರೂಪ. ಯೂನಿಕೋಡಿನಲ್ಲಿ ಯಾರಿಗೂ ಹಂಚದೆ ಬಿಟ್ಟ 6,400 ನಂಬರುಗಳ ಒಂದು ಬಯಲಿದೆ, ಯಾರು ಬೇಕಾದರೂ ತಮ್ಮ ಖಾಸಗಿ ಕೆಲಸಕ್ಕೆ ಬಳಸಿಕೊಳ್ಳಬಹುದು. ಈ ಫಾಂಟಿನ ಬಹಳಷ್ಟು ಚಿತ್ರಗಳು ಅಲ್ಲಿ ಗುಡಿಸಲು ಹಾಕಿವೆ. ಖಾತೆಯಿಲ್ಲದ ಸೈಟು ಎಂದರೆ ನಮ್ಮ ಊರುಗಳಲ್ಲಿ ಎಲ್ಲರಿಗೂ ಅರ್ಥವಾದೀತು. ಒಂದು ಫಾಂಟಿನಲ್ಲಿ ಮನೆಯಾಗಿರುವ ನಂಬರು ಇನ್ನೊಂದರಲ್ಲಿ ಏನು ಬೇಕಾದರೂ ಆಗಿರಬಹುದು. ಫಾಂಟು ಇಲ್ಲದ ಯಂತ್ರದಲ್ಲಿ ಖಾಲಿ ಡಬ್ಬಿ. ಒಳ್ಳೆಯದೆಂದರೆ ಡಬ್ಬಿ ಕಂಡ ಕೂಡಲೇ ಏನೋ ಕಳೆದಿದೆ ಎಂದು ಗೊತ್ತಾಗುತ್ತದೆ, ಖ ಹಾಗೆ ಸುಳ್ಳು ಅರ್ಥ ಕೊಡುವುದಿಲ್ಲ. ಕಣ್ಣು ಕಾಣದವರು ಪುಟವನ್ನು ಗಣಕದಿಂದ ಓದಿಸಿ ಕೇಳುತ್ತಾರಲ್ಲ, ಅವರ ಯಂತ್ರಕ್ಕೆ ಅದು ಮೌನ, ಇಲ್ಲವೇ ಗೊಣಗು. ಡಿಸ್ಲೆಕ್ಸಿಯಾ ಇರುವ ಕೆಲವರು ಪರದೆಯ ಫಾಂಟನ್ನೆಲ್ಲ ತಮಗೆ ಹೊಂದುವ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಅವರಿಗೂ ಡಬ್ಬಿಯೇ ಗತಿ.

ಗೂಗಲ್ ಬಿಡುಗಡೆ ಮಾಡಿದ ಮೆಟೀರಿಯಲ್ ಐಕಾನ್ಸ್ ಫಾಂಟು ಇದಕ್ಕಿಂತ ಬುದ್ಧಿವಂತಿಕೆಯದು. ಅದರಲ್ಲಿ ಇಂಗ್ಲಿಷಿನಲ್ಲಿ ‘ಹೋಮ್’ ಎಂಬ ನಾಲ್ಕಕ್ಷರ ಬರೆದರೆ ನಾಲ್ಕೂ ಕರಗಿ ಒಂದು ಮನೆಯ ಚಿತ್ರವಾಗುತ್ತದೆ. ಇಂಗ್ಲಿಷಿನವರಿಗೆ ಇದು ಜಾದೂ ಎನ್ನಿಸಬಹುದು. ಕ್‌ಗೆ ಷ ಸೇರಿ ಕ್ಷ ಆಗುವುದನ್ನು ಬಾಲ್ಯದಿಂದ ತಿದ್ದಿದ ನಮಗೆ ಇದರಲ್ಲಿ ಆಶ್ಚರ್ಯವೇನು? ಒತ್ತಕ್ಷರದ ಯಂತ್ರವೇ ಅದು. ಇದರ ಗುಣವೆಂದರೆ ಫಾಂಟು ಕಳೆದುಹೋದರೂ ಹೋಮ್ ಎಂಬ ಮಾತು ಉಳಿಯುತ್ತದೆ. ಗವಂತಿಯ ಹಿಂಬದಿಗೆ ಹತ್ತಿರ ಬಂದದ್ದು ನಾನು ಕಂಡವುಗಳಲ್ಲಿ ಇದೊಂದೇ. ‘ಮನೆ’ ಎಂದು ಕನ್ನಡದಲ್ಲಿ ಬರೆದರೆ ಮಾತ್ರ ಮನೆ ಬರುವುದಿಲ್ಲ.

ಪಟ್ಟಿಯಲ್ಲಿ ಏನಿದೆ ಎಂಬುದರ ಜೊತೆಗೆ ಇದ್ದದ್ದು ಹೇಗಿದೆ ಎಂಬುದನ್ನೂ ನೋಡಬೇಕು. ಫೇಸ್‌ಬುಕ್ ಕಂಪನಿಯಲ್ಲಿ ವಿನ್ಯಾಸಕಿಯಾಗಿದ್ದ ಕೈಟ್ಲಿನ್ ವಿನ್ನರ್ 2015ರಲ್ಲಿ ಒಂದು ಸಣ್ಣ ಸಂಗತಿ ಬಯಲಿಗಿಟ್ಟರು. ಅವರ ಕಂಪನಿಯ ಚಿಹ್ನೆಗಳ ಕಟ್ಟಿನಲ್ಲಿದ್ದ ಹೆಂಗಸಿನ ಚಿತ್ರಕ್ಕೆ ಒಂದು ಭುಜ ಚಕ್ಕೆ ಎದ್ದಂತೆ ಕತ್ತರಿಸಿಹೋಗಿತ್ತು. ಯಾಕೆಂದು ಹುಡುಕಿದರೆ, ‘ಸ್ನೇಹಿತರು’ ಎಂಬ ಚಿಹ್ನೆಯಲ್ಲಿ ಆಕೆಯ ಮುಂದೆ ಗಂಡಸು ನಿಲ್ಲುತ್ತಿದ್ದ. ಅವನು ನಿಲ್ಲುವ ಜಾಗಕ್ಕೆ ಸರಿಯಾಗಿ ಆಕೆಯ ಭುಜ ಕೊಯ್ದಿದ್ದರು. ಆಕೆ ಒಬ್ಬಳೇ ಇದ್ದಾಗಲೂ ಆ ಭುಜ ಮರಳಿ ಬಂದಿರಲಿಲ್ಲ. ವಿನ್ನರ್ ಹೊಸದಾಗಿ ಬಿಡಿಸಿ ಹೆಂಗಸನ್ನು ಮುಂದೆ ತಂದರು. ಇದನ್ನು ಓದಿದ ಮೇಲೆ ನಾನು ಹಳೆಯ ಫಾಂಟುಗಳಲ್ಲಿ ಹೆಣ್ಣಿನ ಭುಜ ನೋಡುತ್ತ ಒಂದು ಮಧ್ಯಾಹ್ನ ಕಳೆದೆ. ಒಲೆಯ ಮೇಲಿನ ಹಾಲು ಉಕ್ಕಿತು.

ಮುದ್ರಣಾಲಯದವರು ಈಗ ‘ಕರ್ವ್ಸ್ ಮಾಡಿ ಕಳಿಸ್ರಿ’ ಎನ್ನುತ್ತಾರೆ. ಅಂದರೆ ಅಕ್ಷರಗಳನ್ನೆಲ್ಲ ಬರೀ ಗೆರೆಗಳಾಗಿ ಕರಗಿಸಿ ಕೊಡಿ, ಆಗ ಯಾವ ಅಂಗಿಯೂ ಬೇಡ. ಸುರಕ್ಷಿತವಾದ ದಾರಿ. ಕರಗಿಸಿದ ಮೇಲೆ ಒಂದು ಕಾಗುಣಿತ ತಿದ್ದಬೇಕೆಂದರೂ ಆಗುವುದಿಲ್ಲವಾದ್ದರಿಂದ ನಾನು ಬರೀ ಚಿತ್ರಗಳನ್ನು ಕರಗಿಸುತ್ತೇನೆ, ಮಾತನ್ನು ಹಾಗೆಯೇ ಬಿಡುತ್ತೇನೆ. ಬಾರ್ಡರಿನ ಹೂ ಬಳ್ಳಿಗೆ ಫಾಂಟು ಬಳಸಲು ನನಗೆ ಅಂಜಿಕೆಯಿಲ್ಲ. ಔಷಧಿ, ವಿದ್ಯುತ್ತು, ವಿಷ, ಬಸ್ಸಿನ ವೇಳೆ ಇಂಥವುಗಳ ಹತ್ತಿರ ಅದನ್ನು ಸುಳಿಯಗೊಡುವುದಿಲ್ಲ. ಅಲ್ಲಿ ಚಿತ್ರವನ್ನು ಚಿತ್ರವಾಗಿಯೇ ಇಡುತ್ತೇನೆ, ಪಕ್ಕದಲ್ಲಿ ‘ಬೆಳಿಗ್ಗೆ’, ‘ರಾತ್ರಿ’ ಎಂದು ಬರೆಯುತ್ತೇನೆ. ಜಾಗ ಹೆಚ್ಚು ಹಿಡಿಯುತ್ತದೆ ಎಂದು ಸಂಪಾದಕಿಯವರು ಗೊಣಗುತ್ತಾರೆ. ಗೊಣಗಲಿ. ಹಳೆಯ ಫಾಂಟುಗಳನ್ನು ನಂಬಿ ಕೂತವರಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಟೈಪ್ 1 ಎಂಬ ಹಳೆಯ ಜಾತಿಯ ಫಾಂಟುಗಳಿಗೆ ಅಡೋಬಿ ಕಂಪನಿ 2023ರ ಜನವರಿಯಿಂದ ಬೆಂಬಲ ನಿಲ್ಲಿಸಿತು. ಅವುಗಳಲ್ಲಿ ಕಟ್ಟಿದ ಪುಟಗಳನ್ನು ಹೊಸ ಇನ್‌ಡಿಸೈನಿನಲ್ಲಿ ತೆರೆದರೆ ಫಾಂಟು ಇಲ್ಲವೆಂಬ ಗುಲಾಬಿ ಬಣ್ಣದ ಎಚ್ಚರಿಕೆ ಏಳುತ್ತದೆ.

ನಮ್ಮ ಮಂಡಳದ ಸದಸ್ಯೆಯೊಬ್ಬರ ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು, ಕಸೂತಿಯ ಚಿತ್ರಗಳದೇ ಒಂದು ಫಾಂಟು ಮಾಡಲು ಹೊರಟಿದ್ದಾಳೆ. ಫಾಂಟ್‌ಫೋರ್ಜ್ ಎಂಬ ಬಿಟ್ಟಿ ತಂತ್ರಾಂಶವಿದೆ, ಅದರಲ್ಲಿ. ಅಜ್ಜಿಯ ಸೆರಗನ್ನು ಮೇಜಿನ ಮೇಲೆ ಹರವಿ, ಎಳೆ ಎಣಿಸಿ ಗ್ರಾಫ್ ಕಾಗದಕ್ಕೆ ಇಳಿಸಿಕೊಂಡಿದ್ದಾಳೆ. ಆನೆ, ತೇರು, ಪಲ್ಲಕ್ಕಿ, ನವಿಲು. ‘ಆಂಟೀ, ತುಳಸಿಕಟ್ಟಿನ್ನ ಯಾವ ಕೀಲಿಗೆ ಇಡ್ಲಿ? ಟಿಗೆ ಇಟ್ರ ನಡೀತದನು?’ ಎಂದು ಕೇಳಿದಳು. ಟಿಗೆ ಬೇಡ, ಬಯಲಿನ ನಂಬರೂ ಬೇಡ, ‘ತುಳಸಿ’ ಎಂಬ ಮಾತಿಗೇ ಕಟ್ಟಲು ಬರುತ್ತದೆಯೇ ನೋಡು ಎಂದೆ. ಹದಿನೈದು ದಿನ ಒದ್ದಾಡಿ ಮಾಡಿದಳು. ಎರಡು ತಂತ್ರಾಂಶಗಳಲ್ಲಿ ‘ತುಳಸಿ’ ಎಂದು ಬರೆದ ಕೂಡಲೇ ಕಟ್ಟೆ ಎದ್ದು ನಿಂತಿತು. ಮೂರನೆಯದರಲ್ಲಿ ಎಷ್ಟು ಮಾಡಿದರೂ ಬರಲಿಲ್ಲ. ಅಲ್ಲಿ ಪರದೆಯ ಮೇಲೆ ‘ತುಳಸಿ’ ಎಂದೇ ಉಳಿದಿದೆ.